‘ಇಲ್ನೋಡು ಪುಟ್ಟಾ’ ಅನ್ನದೆ ಬಾಲ್ಯದ ಫೋಟೋ ತೆಗೆಯುವುದು ಹೇಗೆ

ಹೋದ ದಸರಾ ರಜೆಯಲ್ಲಿ ಅಮ್ಮನಿಗೊಂದು ಆಲ್ಬಮ್ ಮಾಡಿಕೊಡೋಣ ಅಂತ ಫೋನ್ ಹಿಡಿದು ಕೂತೆ. ಮಗಳಿಗೆ ಆಗ ಐದು ವರ್ಷ. ಅವಳ ಫೋಟೋಗಳೇ ನಾಲ್ಕು ಸಾವಿರದ ಮೇಲಿದ್ದವು. ಒಂದೊಂದೇ ಸರಿಸುತ್ತಾ ಹೋದರೆ ಎಲ್ಲವೂ ಒಂದೇ ಫೋಟೋ. ಬಟ್ಟೆ ಬೇರೆ, ಊರು ಬೇರೆ, ಅಷ್ಟೇ. ನಡುವೆ ಮುಖ, ಮುಖದ ತುಂಬ ಹಲ್ಲು. ಪ್ರತಿಸಲವೂ ನಾನು ‘ಇಲ್ನೋಡು ಪುಟ್ಟಾ’ ಅಂದಿದ್ದೆ, ಅವಳು ನೋಡಿದ್ದಳು.

ಅಮ್ಮ ಪಕ್ಕದಲ್ಲಿ ಹುರಳಿಕಾಯಿ ನಾರು ತೆಗೆಯುತ್ತಾ ನೋಡುತ್ತಿದ್ದರು. ಇನ್ನೂರು ಮುನ್ನೂರು ಫೋಟೋ ದಾಟಿದರೂ ‘ಹೂಂ, ಚೆನ್ನಾಗಿದೆ’ ಅಂತಷ್ಟೇ. ಒಂದು ಕಡೆ ಮಾತ್ರ ‘ತಡಿ ತಡಿ, ಹಿಂದಕ್ಕೆ ಹೋಗು’ ಅಂದರು. ಅದು ಕೈತಪ್ಪಿ ಒತ್ತಿ ಬಂದಿದ್ದ ಫೋಟೋ. ಮುಖವೇ ಇಲ್ಲ. ಜಗಲಿಯ ಮೆಟ್ಟಿಲು, ಅದರ ಮೇಲೆ ಎರಡು ಪುಟ್ಟ ಕಾಲು. ಎಡಗಾಲಿನ ಚಪ್ಪಲಿ ಬಲಕ್ಕೆ, ಬಲಗಾಲಿನದು ಎಡಕ್ಕೆ. ಕಿರುಬೆರಳು ಪಟ್ಟಿಯಿಂದ ಹೊರಗೆ ಬಂದಿದೆ. ‘ನೋಡು, ಇದು ಇವಳು’ ಅಂದರು ಅಮ್ಮ. ‘ಈಗ ಸರಿಯಾಗಿ ಹಾಕ್ಕೋತಾಳೆ ಅಲ್ವಾ?’

ಹಾಕಿಕೊಳ್ಳುತ್ತಾಳೆ. ಯಾವತ್ತಿನಿಂದ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಗುವಿನ ಫೋಟೋ ಬೇರೆ, ಬಾಲ್ಯದ ಫೋಟೋ ಬೇರೆ ಅಂತ ನನಗೆ ಹೊಳೆದದ್ದು ಆವತ್ತು. ಅದಾದ ಮೇಲೆ ತೆಗೆಯುವ ರೀತಿಯನ್ನೇ ಬದಲಿಸಿಕೊಂಡೆ. ದೊಡ್ಡ ಕ್ಯಾಮೆರಾ ಏನೂ ಬೇಕಾಗಲಿಲ್ಲ. ನಾನು ಮಾಡುವುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ವಾರ ಸುಮ್ನೆ ನೋಡಿ, ಪಟ್ಟಿ ಬರೆಯಿರಿ

ಮೊದಲ ವಾರ ಫೋಟೋ ತೆಗೆಯಬೇಡಿ. ಒಂದು ಚೀಟಿ ಇಟ್ಟುಕೊಳ್ಳಿ. ಮಗು ಈಗ ಮಾಡುತ್ತಿರುವ, ಇನ್ನು ಆರು ತಿಂಗಳಿಗೆ ಮಾಡದೆ ಹೋಗಬಹುದಾದ ಕೆಲಸಗಳನ್ನು ಬರೆಯುತ್ತಾ ಹೋಗಿ. ಹುಟ್ಟುಹಬ್ಬ, ಸ್ಕೂಲ್ ಡೇ ಇಲ್ಲಿ ಬೇಡ. ಅವುಗಳ ಫೋಟೋ ಹೇಗೂ ಯಾರಾದರೂ ತೆಗೆದೇ ತೆಗೆಯುತ್ತಾರೆ.

ನನ್ನ ಮೊದಲ ಪಟ್ಟಿ ಹೀಗಿತ್ತು: ಬಾಗಿಲ ಚಿಲಕ ಎಟುಕುವುದಿಲ್ಲ, ತುದಿಗಾಲಲ್ಲಿ ನಿಂತು ಬೆರಳಿಂದ ತಟ್ಟುತ್ತಾಳೆ. ಹಾಲು ಕುಡಿಯುವಾಗ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಾಳೆ. ದೋಸೆಯ ಗರಿಗರಿ ಅಂಚು ಮೊದಲು ತಿಂದು, ನಡುವಿನದನ್ನು ಅಜ್ಜಿಯ ತಟ್ಟೆಗೆ ಹಾಕುತ್ತಾಳೆ. ಸ್ಕೂಲ್ ವ್ಯಾನ್ ಕಾಯುವಾಗ ಗೇಟಿನ ಸರಳು ಎಣಿಸುತ್ತಾಳೆ, ಹನ್ನೊಂದಾದ ಮೇಲೆ ಹದಿಮೂರು.

ಇವು ಯಾವುವೂ ‘ಫೋಟೋ ತೆಗೆಯುವಂಥ’ ಸಂಗತಿಗಳಲ್ಲ. ಹಾಗಾಗಿಯೇ ಯಾರೂ ತೆಗೆಯುವುದಿಲ್ಲ, ಆಮೇಲೆ ಹುಡುಕಿದರೆ ಸಿಗುವುದೂ ಇಲ್ಲ. ಪಟ್ಟಿ ಹತ್ತು ಸಾಲಾದರೆ ಸಾಕು. ಜಾಗ, ಹೊತ್ತು ಎರಡನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಗೇಟು, ಬೆಳಿಗ್ಗೆ 8 ಗಂಟೆ. ಚಿಲಕ, ಸಂಜೆ. ಬೆಳಕಿನ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ಹೆಜ್ಜೆ 2: ಯಾರ ಬಾಲ್ಯ ಅಂತ ಮೊದಲೇ ತೀರ್ಮಾನ ಮಾಡಿ

ಇಲ್ಲಿ ನಾನೇ ಎಡವಿದ್ದೇನೆ. ಜಾತ್ರೆಯಿಂದ ಒಂದು ಬುಗುರಿ ತಂದು, ದಾರ ಸುತ್ತಿ, ಮಗಳ ಕೈಗೆ ಕೊಟ್ಟು, ಸಂಜೆಯ ಬಿಸಿಲಲ್ಲಿ ನಿಲ್ಲಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: ‘ಅಪ್ಪಾ, ಇದನ್ನ ಎಲ್ಲಿ ಚಾರ್ಜ್ ಮಾಡೋದು?’

ಫೋಟೋ ಏನೋ ಚೆನ್ನಾಗಿಯೇ ಬಂತು. ಆದರೆ ಅದರಲ್ಲಿರುವುದು ನನ್ನ ಬಾಲ್ಯ. ಅವಳು ಬರೀ ಬಾಡಿಗೆ ಪಾತ್ರಧಾರಿ. ಲಗೋರಿ, ಗೋಲಿ, ಕಾಗದದ ದೋಣಿ, ಸೈಕಲ್ ಟೈರು – ಬಾಲ್ಯ ಅಂದ ಕೂಡಲೇ ನಮಗೆ ಕಾಣುವುದು ಇವೇ. ಇವತ್ತಿಗೂ ಆ ಆಟ ಆಡುವ ಮಕ್ಕಳಿದ್ದರೆ ಖಂಡಿತ ತೆಗೆಯಿರಿ. ಆಡದ ಮಕ್ಕಳ ಕೈಗೆ ಕೊಟ್ಟು ತೆಗೆಯಬೇಡಿ. ನಿಮ್ಮ ಮನೆಯ ಮಗುವಿನ ಬಾಲ್ಯದಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದೆ, ಲಿಫ್ಟಿನ ಕನ್ನಡಿ ಇದೆ, ಟ್ಯೂಷನ್ ಬ್ಯಾಗ್ ಇದೆ, ಕತ್ತಲ ಕೋಣೆಯಲ್ಲಿ ಮೊಬೈಲಿನ ನೀಲಿ ಬೆಳಕು ಬಿದ್ದ ಮುಖ ಇದೆ. ಕೊನೆಯದನ್ನು ತೆಗೆಯಲು ಅಪ್ಪ ಅಮ್ಮಂದಿರಿಗೆ ನಾಚಿಕೆ. ಮೂವತ್ತು ವರ್ಷ ಕಳೆದ ಮೇಲೆ ಅವರು ಅತ್ಯಂತ ಆಸೆಯಿಂದ ನೋಡುವುದು ಅದನ್ನೇ ಇರಬಹುದು.

ನಿಮ್ಮದೇ ಬಾಲ್ಯವನ್ನು ಹಿಡಿಯಬೇಕು ಅನ್ನಿಸಿದರೆ ಅದಕ್ಕೆ ಬೇರೆ ದಾರಿಯಿದೆ. ಮುಂದೆ ಹೇಳುತ್ತೇನೆ.

ಹೆಜ್ಜೆ 3: ಕೆಳಗೆ ಕೂರಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು ಮೂರಡಿ. ನಾವು ನಿಂತಲ್ಲಿಂದ ತೆಗೆದರೆ ಬರುವುದು ನೆತ್ತಿ, ದೊಡ್ಡ ತಲೆ, ಮೊಟಕು ಕಾಲು, ಮತ್ತೆ ನೆಲ. ಮೇಲಿಂದ ಕೆಳಕ್ಕೆ ನೋಡಿದ್ದು ಫೋಟೋದಲ್ಲಿ ಗೊತ್ತಾಗಿಬಿಡುತ್ತದೆ.

ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆನ್ರಿ ಲಾರ್ತಿಗ್ 1894ರಲ್ಲಿ ಹುಟ್ಟಿದವರು. ಏಳೆಂಟು ವರ್ಷಕ್ಕೇ ಅಪ್ಪನಿಂದ ಕ್ಯಾಮೆರಾ ಸಿಕ್ಕಿತ್ತು. 1905ರಲ್ಲಿ ಆ ಹುಡುಗ ತನ್ನ ಕೋಣೆಯ ಆಟಿಕೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಫೋಟೋ ತೆಗೆದ. ಅದರಲ್ಲಿ ಕಾರುಗಳು ಆಟಿಕೆಯಂತೆ ಕಾಣುವುದಿಲ್ಲ. ಹಿಂದಿನ ಸಾಮಾನುಗಳು ಕಟ್ಟಡಗಳಂತೆ ಎದ್ದು ನಿಂತಿವೆ. ಮಗುವಿಗೆ ಮನೆ ಕಾಣುವುದೇ ಹಾಗೆ.

ಹೇಗೆ ಮಾಡುವುದು? ಕುಕ್ಕರುಗಾಲಲ್ಲಿ ಕೂತರೆ ಮೊಣಕಾಲು ನೋಯುತ್ತದೆ, ಕೈ ಅಲುಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂತುಬಿಡಿ, ಇಲ್ಲವೇ ಅಡುಗೆಮನೆಯ ಮಣೆ ಎಳೆದುಕೊಳ್ಳಿ. ಇನ್ನೂ ಕೆಳಗೆ ಹೋಗಬೇಕಾದರೆ ಫೋನನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ನೆಲಕ್ಕೆ ಒಂದಿಂಚಿನಷ್ಟು ಹತ್ತಿರ ಬರುತ್ತದೆ. ಒತ್ತಲು ವಾಲ್ಯೂಮ್ ಬಟನ್ ಬಳಸಿ.

ಈ ಎತ್ತರದಿಂದ ದೊಡ್ಡವರು ಸೊಂಟದ ತನಕ ಮಾತ್ರ ಕಾಣುತ್ತಾರೆ. ಅಜ್ಜಿಯ ಸೀರೆಯ ನೆರಿಗೆ, ತಾತನ ಪಂಚೆಯ ಅಂಚು, ಸೊಂಟದಲ್ಲಿ ಸಿಕ್ಕಿಸಿದ ಬೀಗದ ಕೈ ಗೊಂಚಲು. ತಲೆ ಕತ್ತರಿಸಿಹೋಯಿತಲ್ಲ ಅಂತ ಬೇಜಾರಾಗಬೇಡಿ. ಮಗು ಅಜ್ಜಿಯನ್ನು ಗುರುತಿಸುವುದೇ ನೆರಿಗೆಯಿಂದ.

ಯಾವಾಗಲಾದರೊಮ್ಮೆ ಇದಕ್ಕೆ ಉಲ್ಟಾ ಮಾಡಿ. ಮಹಡಿಯಿಂದ, ಮೆಟ್ಟಿಲ ಮೇಲಿಂದ, ಇಡೀ ಅಂಗಳ ಕಾಣುವಂತೆ ತೆಗೆಯಿರಿ. ಮೂಲೆಯಲ್ಲೆಲ್ಲೋ ಮಗು ಬೊಟ್ಟಿನಷ್ಟು ಕಾಣಲಿ. ಮಗು ಎಷ್ಟು ಚಿಕ್ಕದು, ಜಗತ್ತು ಎಷ್ಟು ದೊಡ್ಡದು ಅನ್ನುವುದು ಆಗ ಗೊತ್ತಾಗುತ್ತದೆ.

ಹೆಜ್ಜೆ 4: ಮನೆಯಲ್ಲಿ ಬೆಳಕು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ

ಮಗುವನ್ನು ಬೆಳಕಿಗೆ ಕರೆಯಬೇಡಿ. ಬೆಳಕು ಬೀಳುವ ಜಾಗಕ್ಕೆ ಮಗು ಬರುವ ಹೊತ್ತನ್ನು ತಿಳಿದುಕೊಳ್ಳಿ. ಕಿಟಕಿಯಿಂದ ಎರಡು ಮೂರು ಅಡಿ ಒಳಗೆ, ಬೆಳಕು ಪಕ್ಕದಿಂದ ಬೀಳುವಂತೆ ಇದ್ದರೆ ಒಳ್ಳೆಯದು. ಹೊಸ್ತಿಲು, ಜಗಲಿ, ಬಾಲ್ಕನಿಯ ಒಳಬದಿ ಎಲ್ಲವೂ ಚೆನ್ನ. ಹಂಚಿನ ಮನೆಯಾದರೆ ಗಾಜಿನ ಹಂಚಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದಲ್ಲ, ಅದು ಹತ್ತು ಗಂಟೆಗೆ ಎಲ್ಲಿರುತ್ತದೆ, ಹನ್ನೆರಡಕ್ಕೆ ಎಲ್ಲಿರುತ್ತದೆ ಅಂತ ಒಂದು ದಿನ ಗಮನಿಸಿ. ಅದನ್ನು ಹಿಡಿಯಲು ಹೋಗದ ಮಗುವನ್ನು ನಾನಂತೂ ನೋಡಿಲ್ಲ.

ಫ್ಲ್ಯಾಶ್ ಬೇಡವೇ ಬೇಡ. ಮುಖ ಸುಣ್ಣ ಬಳಿದಂತಾಗುತ್ತದೆ, ಹಿಂದಿನ ಮನೆಯೆಲ್ಲ ಕಪ್ಪಾಗುತ್ತದೆ, ಜೊತೆಗೆ ಮಗು ಆಟ ನಿಲ್ಲಿಸಿ ನಿಮ್ಮನ್ನೇ ನೋಡುತ್ತದೆ.

ರಾತ್ರಿ ಕೆಲವು ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್ ಕೆಳಗೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವನ್ನು, ಅಂದರೆ ಒಂದು ಫೋಟೋಕ್ಕೆ ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಆ ವೇಗಕ್ಕೆ ಓಡುವ ಮಗು ಮಸುಕಾಗುತ್ತದೆ, ನಿಜ. ರಾತ್ರಿಯ ಹೊತ್ತು ಊಟ, ಕಥೆ, ನಿದ್ದೆ ತೆಗೆಯಿರಿ, ಓಟ ಬಿಡಿ.

ಹೆಜ್ಜೆ 5: ಫೋನು, ಕ್ಯಾಮೆರಾ ಮೊದಲೇ ಸಿದ್ಧವಾಗಿರಲಿ

ಮೊದಲು ಲೆನ್ಸ್ ಒರೆಸಿ. ನಗಬೇಡಿ, ಮಕ್ಕಳಿರುವ ಮನೆಯ ಫೋನಿನ ಲೆನ್ಸ್ ಮೇಲೆ ತುಪ್ಪದ ಬೆರಳಚ್ಚು ಇದ್ದೇ ಇರುತ್ತದೆ. ಫೋಟೋ ಮಂಜು ಮಂಜಾಗಿ ಬರಲು ಅರ್ಧಕ್ಕರ್ಧ ಕಾರಣ ಅದೇ.

ಬ್ಯೂಟಿ ಮೋಡ್ ಆಫ್ ಮಾಡಿ. ಅದು ಚರ್ಮ ನುಣುಪು ಮಾಡುವುದರ ಜೊತೆಗೆ ಬಣ್ಣವನ್ನೂ ತಿಳಿ ಮಾಡಿಬಿಡುತ್ತದೆ. ಬಿದ್ದು ತರಚಿದ ಗಾಯ, ಸೊಳ್ಳೆ ಕಚ್ಚಿದ ಗುಳ್ಳೆ, ಕೆನ್ನೆಯ ದೃಷ್ಟಿ ಬೊಟ್ಟು ಎಲ್ಲ ಇರಲಿ. ಒಬ್ಬರು ಮಗುವಿನ ಫೋಟೋದಿಂದ ದೃಷ್ಟಿ ಬೊಟ್ಟನ್ನೇ ಅಳಿಸಿ ಪ್ರಿಂಟ್ ಹಾಕಿಸಿದ್ದರು. ಅವರ ಅತ್ತೆ ಆ ಪ್ರಿಂಟಿನ ಮೇಲೇ ಕಾಡಿಗೆ ಇಟ್ಟರು.

ಪೋರ್ಟ್ರೇಟ್ ಮೋಡ್ ಕೂಡ ಆಫ್. ಇದಕ್ಕೆ ಜನ ಒಪ್ಪುವುದಿಲ್ಲ, ಹಿಂದೆಲ್ಲ ಮಸುಕಾದರೆ ಎಷ್ಟು ಚೆಂದ ಅನ್ನುತ್ತಾರೆ. ಆದರೆ ಆ ಹಿಂದಿನದೇ ಬೇಕಾದದ್ದು. ಗೋಡೆಯ ಕ್ಯಾಲೆಂಡರ್, ಒಗೆದ ಬಟ್ಟೆಯ ರಾಶಿ, ಮೂಲೆಯ ಗ್ಯಾಸ್ ಸಿಲಿಂಡರ್, ಹಳೇ ಟಿವಿ. ನಮ್ಮ ಚಿಕ್ಕಂದಿನ ಫೋಟೋ ನೋಡುವಾಗ ನಾವು ಮುಖ ಬಿಟ್ಟು ಹುಡುಕುವುದು ಅವನ್ನೇ ಅಲ್ವಾ? ‘ಅಯ್ಯೋ, ಆ ಹಸಿರು ಬೀರು!’ ಅಂತ.

ಫೋನಿನ ಸಾಮಾನ್ಯ ಲೆನ್ಸ್ ಅಗಲ ದೃಷ್ಟಿಯದು. ಮಗುವಿನ ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ಊದಿಕೊಂಡು ಕಾಣುತ್ತದೆ. ಮುಖ ಬೇಕಾದರೆ 2x ಒತ್ತಿ, ನಾಲ್ಕೈದು ಹೆಜ್ಜೆ ಹಿಂದೆ ಸರಿಯಿರಿ. ಜಾಗವೂ ಬೇಕಾದರೆ 1xನಲ್ಲೇ ಇರಿ. ಕಿಟಕಿಗೆ ಬೆನ್ನು ಹಾಕಿದ ಮಗು ಕಪ್ಪಾಗಿ ಕಂಡರೆ ಮುಖದ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆರಳನ್ನು ಮೇಲೆ ಕೆಳಗೆ ಸರಿಸಿ ಬೆಳಕು ಹೊಂದಿಸಿ.

ಕ್ಯಾಮೆರಾ ಇರುವವರಿಗೆ: ಆಟೋಫೋಕಸ್ ನಿರಂತರ ಮೋಡ್‌ನಲ್ಲಿರಲಿ, ಅಂದರೆ ಎಎಫ್-ಸಿ ಅಥವಾ ಎಐ ಸರ್ವೊ. ಕೂತ ಮಗುವಿಗೆ ಶಟರ್ 1/125, ನಡೆದಾಡುವ ಮಗುವಿಗೆ 1/250, ಓಡುವ ಹಾರುವ ಮಗುವಿಗೆ 1/500ಕ್ಕಿಂತ ಕಡಿಮೆ ಬೇಡ. ಮನೆಯೊಳಗೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/2 ಅಥವಾ ಎಫ್/2.8. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಗ್ರಹಿಸುವ ಮಟ್ಟ, 3200 ತನಕ ಹೋದರೂ ಹೆದರಬೇಡಿ. ಫೋಟೋದಲ್ಲಿ ಮರಳಿನಂಥ ಕಾಳು ಬಂದರೆ ಸಹಿಸಬಹುದು. 35 ಎಂಎಂ ಲೆನ್ಸ್ ಒಂದಿದ್ದರೆ ಮನೆಯೊಳಗಿನ ಕೆಲಸ ಬಹುಪಾಲು ಮುಗಿಯುತ್ತದೆ. ಉದ್ದನೆಯ ಜೂಮ್ ಹಿಡಿದು ಹತ್ತು ಮೀಟರ್ ದೂರ ನಿಂತರೆ ಪಕ್ಷಿ ವೀಕ್ಷಣೆಯಂತಾಗುತ್ತದೆ.

ಹೆಜ್ಜೆ 6: ಕಾಯಿರಿ

ನ್ಯೂಯಾರ್ಕಿನ ಹೆಲೆನ್ ಲೆವಿಟ್ 1930ರ ದಶಕದ ಕೊನೆ, 40ರ ದಶಕದಲ್ಲಿ ಬೀದಿಯ ಮಕ್ಕಳ ಆಟ ತೆಗೆದವರು. ಅವರ ಲೈಕಾ ಕ್ಯಾಮೆರಾಕ್ಕೆ ಒಂದು ಅಡ್ಡ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇತ್ತು. ನೋಡುವುದು ಒಂದು ಕಡೆ, ಫೋಟೋ ಬೀಳುವುದು ಪಕ್ಕದ್ದು. ಮಕ್ಕಳಿಗೆ ತಮ್ಮನ್ನು ತೆಗೆಯುತ್ತಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಫೋಟೋಗಳನ್ನೂ ಹುಡುಕಿ ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಆ ಫೋಟೋಗಳಲ್ಲಿನ ಮಕ್ಕಳು ತಮ್ಮ ಪಾಡಿಗೆ ತಾವು ಏನೋ ಮಾಡುತ್ತಿರುತ್ತಾರೆ.

ನಾವು ಮನೆಯವರು, ಕದ್ದು ತೆಗೆಯಬೇಕಾಗಿಲ್ಲ. ನಮ್ಮನ್ನು ನೋಡಿ ನೋಡಿ ಮಗುವಿಗೆ ಬೇಜಾರು ಬರುವ ತನಕ ಅಲ್ಲೇ ಇದ್ದರೆ ಸಾಕು.

ಹೋದ ಮಳೆಗಾಲ ತೀರ್ಥಹಳ್ಳಿ ಕಡೆ ಹೆಂಡತಿಯ ತವರಿನಲ್ಲಿದ್ದೆವು. ಮಧ್ಯಾಹ್ನ ಜೋರು ಮಳೆ ನಿಂತು ಸೂರಿನ ನೀರು ಮಾತ್ರ ತೊಟ್ಟಿಕ್ಕುತ್ತಿತ್ತು. ಮಗಳು ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಒಂದು ಹನಿಯ ಕೆಳಗೆ ಇಟ್ಟಳು. ಟಣ್. ಮತ್ತೆ ಓಡಿ ಹೋಗಿ ಚೊಂಬು ತಂದಳು. ಆಮೇಲೆ ಡಬ್ಬಿಯ ಮುಚ್ಚಳ. ನಾನು ಫೋನ್ ತೆಗೆದು ಕಂಬಕ್ಕೊರಗಿ ಕೂತೆ. ಕಂಡ ಕೂಡಲೇ ಎರಡು ಬೆರಳೆತ್ತಿ ಪೋಸು ಕೊಟ್ಟಳು. ತೆಗೆದೆ. ‘ತೋರ್ಸು’ ಅಂದಳು, ತೋರಿಸಿದೆ. ಇನ್ನೊಂದು ಪೋಸು, ಇನ್ನೊಂದು ಫೋಟೋ. ಐದು ನಿಮಿಷ ಹೀಗೇ ಹೋಯಿತು. ಬೇಡ ಅನ್ನಲಿಲ್ಲ, ಬಯ್ಯಲಿಲ್ಲ, ‘ಸುಮ್ನೆ ಆಟ ಆಡು’ ಅಂತಂತೂ ಹೇಳಲೇ ಇಲ್ಲ. ಹಾಗೆ ಹೇಳಿದರೆ ಮಗು ಆಟ ಆಡುವ ನಾಟಕ ಆಡುತ್ತದೆ.

ಆಮೇಲೆ ಅವಳಿಗೆ ನಾನು ಬೇಜಾರಾದೆ. ಅವಳು ತಿರುಗಿ ಕೂತಳು. ಲೋಟವನ್ನು ಒಂದಿಂಚು ಎಡಕ್ಕೆ ಸರಿಸಿ ಕಿವಿ ಕೊಟ್ಟಳು. ಸರಿಯಾಗಲಿಲ್ಲ. ನೀರು ಚೆಲ್ಲಿ ಮತ್ತೆ ಇಟ್ಟಳು. ಖಾಲಿ ಲೋಟದ ದನಿ ಬೇರೆ, ತುಂಬಿದ ಲೋಟದ ದನಿ ಬೇರೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು. ನಾಲಿಗೆಯ ತುದಿ ಹಲ್ಲಿನ ನಡುವೆ ಬಂದಿತ್ತು. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ನಾನು ಅಲ್ಲಿದ್ದೇನೆ ಅಂತಲೇ ಅವಳಿಗೆ ನೆನಪಿರಲಿಲ್ಲ.

ನಲವತ್ತು ಫೋಟೋ ತೆಗೆದೆ. ಇಟ್ಟುಕೊಂಡದ್ದು ಎರಡು. ಒಂದರಲ್ಲಿ ಅವಳ ಕೈ ಲೋಟದ ಕಡೆ ಚಾಚಿದೆ, ಹನಿ ಇನ್ನೂ ಗಾಳಿಯಲ್ಲಿದೆ. ಶಟರ್ 1/1000 ಇದ್ದರೆ ಹನಿ ಮಣಿಯಂತೆ ನಿಲ್ಲುತ್ತದೆ, 1/60ಕ್ಕೆ ಇಳಿಸಿದರೆ ದಾರದಂತೆ ಉದ್ದವಾಗುತ್ತದೆ. ಎರಡೂ ಚೆಂದವೇ. ಇನ್ನೊಂದು ಫೋಟೋ ಅವಳು ಊಟಕ್ಕೆ ಎದ್ದು ಹೋದ ಮೇಲಿನದು. ಅಂಗಳದಲ್ಲಿ ಸಾಲಾಗಿ ಲೋಟ, ಚೊಂಬು, ಮುಚ್ಚಳ, ಪಕ್ಕದಲ್ಲಿ ಕೆಸರಿನಲ್ಲಿ ಎರಡು ಅಂಗಾಲಿನ ಗುರುತು.

ಕೈಚಳಕದ ಮಾತು ಒಂದಿದೆ. ಬಟನ್ ಒತ್ತಿದ ಮೇಲೆ ಫೋನ್ ಒಂದು ಕ್ಷಣ ತಡ ಮಾಡುತ್ತದೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಒತ್ತಿ. ಒಂದರ ಹಿಂದೊಂದು ಫೋಟೋ ಬೀಳುವ ಬರ್ಸ್ಟ್ ಬಳಸಬಹುದು. ಕೆಲವು ಫೋನಿನಲ್ಲಿ ಬಟನ್ ಒತ್ತಿ ಹಿಡಿಯಬೇಕು, ಕೆಲವದರಲ್ಲಿ ಪಕ್ಕಕ್ಕೆ ಎಳೆಯಬೇಕು. ಆದರೆ ಅದೇ ರಾತ್ರಿ ಕೂತು ಬೇಡದ್ದು ಅಳಿಸಿ. ಇಲ್ಲದಿದ್ದರೆ ನನ್ನ ಹಾಗೆ ನಾಲ್ಕು ಸಾವಿರದ ಲೆಕ್ಕ.

ಹೆಜ್ಜೆ 7: ಮುಖ ಬಿಟ್ಟು ತೆಗೆಯಿರಿ

ಅಮೆರಿಕದ ಯುಜೀನ್ ಸ್ಮಿತ್ ಎರಡನೇ ಮಹಾಯುದ್ಧದ ಫೋಟೋ ತೆಗೆಯಲು ಹೋಗಿ 1945ರಲ್ಲಿ ಒಕಿನಾವಾದಲ್ಲಿ ಬಹಳ ಗಾಯಗೊಂಡರು. ಅದಾದ ಮೇಲೆ ಬಹುಕಾಲ ಕ್ಯಾಮೆರಾ ಮುಟ್ಟಲಾಗಲಿಲ್ಲ. 1946ರಲ್ಲಿ ಮತ್ತೆ ಮುಟ್ಟಿದಾಗ ತೆಗೆದದ್ದು ತಮ್ಮ ಇಬ್ಬರು ಮಕ್ಕಳನ್ನು. ಮರಗಳ ನೆರಳಿನಿಂದ ಬಿಸಿಲಿನ ಕಡೆ ನಡೆದು ಹೋಗುತ್ತಿರುವ ಮಕ್ಕಳು, ಅದೂ ಬೆನ್ನು ಮಾತ್ರ. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ದೊಡ್ಡ ಪ್ರದರ್ಶನವೊಂದು ಮುಗಿಯುವುದೇ ಆ ಫೋಟೋದಿಂದ. ಮುಖ ಕಂಡಿದ್ದರೆ ಅದು ಸ್ಮಿತ್ ಅವರ ಮಕ್ಕಳ ಫೋಟೋ ಆಗಿರುತ್ತಿತ್ತು. ಬೆನ್ನು ಮಾತ್ರ ಕಂಡಿದ್ದರಿಂದ ನೋಡಿದವರೆಲ್ಲ ತಮ್ಮ ಮಕ್ಕಳನ್ನೇ ಅಲ್ಲಿ ಕಾಣಬಹುದಿತ್ತು.

ಬೆನ್ನಿನಿಂದ ಶುರು ಮಾಡಿ. ಸ್ಕೂಲ್ ಬ್ಯಾಗ್ ಹೊತ್ತು ಹೋಗುವ ಬೆನ್ನು, ಒಂದು ಕಡೆ ಬಿಚ್ಚಿದ ಜಡೆಯ ರಿಬ್ಬನ್. ಆಮೇಲೆ ಕೈಗಳು: ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ರೀತಿ, ಅನ್ನ ಕಲಸುವ ರೀತಿ. ಗೋಡೆಯ ಗೀಚು. ಬಾಗಿಲ ಚೌಕಟ್ಟಿನಲ್ಲಿ ಎತ್ತರ ಗುರುತಿಸಿದ ಗೆರೆಗಳು. ಬಾಡಿಗೆ ಮನೆಯಾದರೆ ಬಿಡುವ ಮೊದಲು ಇವನ್ನು ಮರೆಯದೆ ತೆಗೆಯಿರಿ, ಓನರ್ ಬಣ್ಣ ಹೊಡೆಸಿಬಿಡುತ್ತಾರೆ.

ಇನ್ನೊಂದು ನನ್ನ ಇಷ್ಟದ ಕೆಲಸ: ಮಗುವಿನ ಡಬ್ಬಿ ಸುರಿಯುವುದು. ಪ್ರತಿ ಮಗುವಿಗೂ ಒಂದು ಖಜಾನೆ ಇರುತ್ತದೆ. ಅದರ ಒಪ್ಪಿಗೆ ಕೇಳಿ, ಕಿಟಕಿಯ ಪಕ್ಕ ಒಂದು ಬಿಳಿ ಪಂಚೆ ಹಾಸಿ, ಎಲ್ಲವನ್ನೂ ಸುರಿದು ಮಗುವಿನ ಕೈಯಿಂದಲೇ ಜೋಡಿಸಿ. ನೇರ ಮೇಲಿಂದ ಒಂದು ಫೋಟೋ. ನನ್ನ ಮಗಳ ಡಬ್ಬಿಯಲ್ಲಿ ಸಿಕ್ಕಿದ್ದು: ಏಳು ಗುಲಗಂಜಿ, ಒಂದು ಸಿಮ್ ಕಾರ್ಡ್, ಅಜ್ಜಿಯ ಬಳೆ ಚೂರು, ಬಿಂದಿ ಅಂಟಿಸಿದ ಕಲ್ಲು, ಅರ್ಧ ರಬ್ಬರ್, ಬಸ್ ಟಿಕೆಟ್, ಒಂದು ಹಾಲುಹಲ್ಲು. ಹಲ್ಲು ಅವಳದಲ್ಲ, ಪಕ್ಕದ ಮನೆ ಹುಡುಗನದು. ಎರಡು ಗುಲಗಂಜಿ ಕೊಟ್ಟು ತೆಗೆದುಕೊಂಡಿದ್ದಳಂತೆ.

ಹೆಜ್ಜೆ 8: ಅಳು, ಜ್ವರ, ಜಗಳವೂ ಇರಲಿ

ಬಾಲ್ಯ ಅಂದರೆ ಬರೀ ಖುಷಿ ಅನ್ನುವುದು ದೊಡ್ಡವರ ಮರೆವು. ಐಸ್‌ಕ್ರೀಮ್ ಕೆಳಗೆ ಬಿದ್ದ ದುಃಖ, ಯಾರೂ ಆಟಕ್ಕೆ ಸೇರಿಸಿಕೊಳ್ಳದ ಸಂಜೆ, ಹಣೆಗೆ ಒದ್ದೆ ಬಟ್ಟೆ ಹಾಕಿ ಮಲಗಿದ ಮಧ್ಯಾಹ್ನ. ತೆಗೆಯಬಹುದು. ಮೊದಲು ಮಗುವನ್ನು ಎತ್ತಿಕೊಳ್ಳಿ, ಸಮಾಧಾನ ಮಾಡಿ. ಆಮೇಲೂ ಫೋಟೋಕ್ಕೆ ಏನಾದರೂ ಉಳಿದಿರುತ್ತದೆ: ಒಣಗಿದ ಕಣ್ಣೀರಿನ ಗೆರೆ, ಬಿದ್ದ ಕೋನ್. ಅಳುವ ಮಗುವಿನ ಎದುರು ಫೋನ್ ಹಿಡಿದು ನಿಲ್ಲುವವರನ್ನು ಕಂಡರೆ ನನಗಾಗುವುದಿಲ್ಲ.

ಹೆಜ್ಜೆ 9: ಕ್ಯಾಮೆರಾ ಮಗುವಿನ ಕೈಗೆ ಕೊಡಿ

ಹಳೆಯ ಫೋನ್ ಒಂದಿದ್ದರೆ ಸಿಮ್ ತೆಗೆದು, ಇಂಟರ್ನೆಟ್ ಆಫ್ ಮಾಡಿ, ಕೊರಳಿಗೆ ದಾರ ಕಟ್ಟಿ ಕೊಡಿ. ಒಂದೇ ನಿಯಮ: ವಾರಕ್ಕೆ 36 ಫೋಟೋ. ಹಿಂದೆ ಕ್ಯಾಮೆರಾದ ಫಿಲ್ಮ್ ರೀಲ್‌ನಲ್ಲಿ ಹೆಚ್ಚೆಂದರೆ ಇದ್ದದ್ದೇ ಅಷ್ಟು. ಎಷ್ಟೋ ಮನೆಗಳಲ್ಲಿ ಒಂದು ರೀಲ್ ಯುಗಾದಿಯಿಂದ ದೀಪಾವಳಿ ತನಕ ಬರುತ್ತಿತ್ತು. ಹೇಗೆ ಹಿಡಿಯಬೇಕು ಅಂತ ಕಲಿಸಬೇಡಿ.

ಮಗಳ ಮೊದಲ ವಾರದ 36ರಲ್ಲಿ ಹನ್ನೊಂದು ಫ್ಯಾನಿನವು. ನಾಲ್ಕು ಅವಳದೇ ಮೊಣಕಾಲು. ಊಟದ ಮೇಜಿನ ಅಡಿಭಾಗ ಒಂದು. ಅಲ್ಲಿ ಅಂಟಿಸಿದ್ದ ಸ್ಟಿಕರ್‌ಗಳನ್ನು ನಾವ್ಯಾರೂ ನೋಡಿಯೇ ಇರಲಿಲ್ಲ. ನನ್ನದು ಎರಡು. ಎರಡರಲ್ಲೂ ನಾನು ಫೋನ್ ನೋಡುತ್ತಿದ್ದೇನೆ.

ಹೆಜ್ಜೆ 10: ಬೇರೆಯವರ ಮಕ್ಕಳಾದರೆ

ಹಳ್ಳಿಗೋ ಕಟ್ಟಡ ಕೆಲಸದ ಜಾಗಕ್ಕೋ ಹೋಗಿ, ಮಣ್ಣು ಮೆತ್ತಿದ ಮಕ್ಕಳ ನಗು ತೆಗೆದು ‘ಮುಗ್ಧತೆ’ ಅಂತ ಹೆಸರಿಡುವುದು ಒಂದು ಚಟವಾಗಿದೆ. ಫೋಟೋಗ್ರಾಫರ್ ಲೂಯಿಸ್ ಹೈನ್ ಅವರನ್ನು ನೆನಪಿಸಿಕೊಳ್ಳಿ. 1908ರಿಂದ ಅಮೆರಿಕದ ಗಿರಣಿ, ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಅವರು ತೆಗೆದರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳ ಲೆಕ್ಕದಲ್ಲಿ ಅಳೆದುಕೊಳ್ಳುತ್ತಿದ್ದರು. ವಯಸ್ಸು, ಕೆಲಸ ಕೇಳಿ ಬರೆದುಕೊಳ್ಳುತ್ತಿದ್ದರು. ಆ ಮಕ್ಕಳು ಅವರಿಗೆ ಬರೀ ಚೆಂದದ ಮುಖಗಳಾಗಿರಲಿಲ್ಲ.

ಹಾಗಾಗಿ ಮೊದಲು ಅಪ್ಪ ಅಮ್ಮನನ್ನು ಕೇಳಿ, ಆಮೇಲೆ ಮಗುವನ್ನು ಕೇಳಿ. ಬೇಡ ಅಂದರೆ ಬೇಡ. ತೆಗೆದರೆ ಒಂದು ಪ್ರಿಂಟ್ ಅವರ ಮನೆಗೆ ತಲುಪಿಸಿ. ಕೊಡುತ್ತೇನೆ ಅಂದು ಕೊಡದೆ ಹೋದವರನ್ನು ಆ ಊರು ಮರೆಯುವುದಿಲ್ಲ.

ನಿಮ್ಮದೇ ಮಗುವಾದರೂ ಸ್ನಾನದ ಫೋಟೋ ಆಲ್ಬಮ್ಮಿನಲ್ಲಿರಲಿ, ಸ್ಟೇಟಸ್‌ಗೆ ಬೇಡ. ಸ್ಕೂಲಿನ ಹೆಸರು, ವ್ಯಾನ್ ನಂಬರ್, ಮನೆಯ ಗೇಟು ಕಾಣುವಂಥವನ್ನು ಹಂಚಬೇಡಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ.

ಹೆಜ್ಜೆ 11: ನಿಮ್ಮದೇ ಬಾಲ್ಯ ಬೇಕಾದರೆ

ಇದಕ್ಕೆ ಮಕ್ಕಳೇ ಬೇಡ. ಹಳೇ ಮನೆಗೆ, ಇಲ್ಲವೇ ಶಾಲೆಗೆ ಹೋಗಿ. ಏಳು ವರ್ಷಕ್ಕೆ ನೀವು ಎಷ್ಟೆತ್ತರ ಇದ್ದಿರೋ ಅಷ್ಟಕ್ಕೆ ಕ್ಯಾಮೆರಾ ಇಳಿಸಿ, ಸುಮಾರು ನಾಲ್ಕಡಿ ಅಂದುಕೊಳ್ಳಿ. ನೀವು ಬಚ್ಚಿಟ್ಟುಕೊಳ್ಳುತ್ತಿದ್ದ ಜಾಗದೊಳಗಿಂದ ಹೊರಕ್ಕೆ ತೆಗೆಯಿರಿ. ಬಚ್ಚಲುಮನೆಯ ಹಂಡೆಯ ಹಿಂದಿನಿಂದ, ಮಂಚದ ಕೆಳಗಿನಿಂದ, ಮೆಟ್ಟಿಲ ಸಂದಿಯಿಂದ. ಹೆದರಿಕೆ ಹುಟ್ಟಿಸುತ್ತಿದ್ದ ಮೂಲೆಯನ್ನೂ ಬಿಡಬೇಡಿ. ಕತ್ತಲಾಗಿಯೇ ಇರಲಿ, ಬೆಳಕು ಹೆಚ್ಚಿಸಬೇಡಿ. ಮನೆ ಈಗ ಇಲ್ಲವೇ? ಉಳಿದ ಸಾಮಾನು ತೆಗೆಯಿರಿ: ಟ್ರಂಕು, ಸ್ಲೇಟು, ಅಜ್ಜನ ಟಾರ್ಚು. ಕಪ್ಪು ಬಿಳುಪು, ಹಳದಿ ಫಿಲ್ಟರ್ ಯಾವುದೂ ಬೇಡ. ಹಳತು ಹಳತಾಗಿಯೇ ಕಾಣುತ್ತದೆ.

ಹೆಜ್ಜೆ 12: ಆರಿಸಿ, ಬರೆದಿಡಿ, ಪ್ರಿಂಟ್ ಹಾಕಿಸಿ

ಮಗಳ ಎರಡನೇ ವರ್ಷದ ಎಂಟು ತಿಂಗಳ ಫೋಟೋ ನನ್ನ ಹತ್ತಿರ ಇಲ್ಲ. ಫೋನ್ ನೀರಿಗೆ ಬಿತ್ತು. ಅಂಗಡಿಯವನು ‘ಡೇಟಾ ಬರುತ್ತೆ ಸರ್’ ಅಂದು ಹದಿನೈದು ದಿನ ಇಟ್ಟುಕೊಂಡು ಬರೀ ಹೊಸ ಡಿಸ್‌ಪ್ಲೇ ಹಾಕಿಕೊಟ್ಟ. ಆ ಕಾಲದ್ದು ಈಗ ಉಳಿದಿರುವುದು ಅತ್ತಿಗೆಗೆ ವಾಟ್ಸಾಪಿನಲ್ಲಿ ಕಳಿಸಿದ್ದಷ್ಟೇ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿಬಿಡುತ್ತದೆ. ಪೂರ್ತಿ ಗಾತ್ರದಲ್ಲಿ ಕಳಿಸಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಒಂದು ಪ್ರತಿ ಹಾರ್ಡ್ ಡಿಸ್ಕಿಗೆ, ಒಂದು ಪ್ರತಿ ಆನ್‌ಲೈನಿಗೆ, ತಿಂಗಳ ಮೊದಲ ಭಾನುವಾರ.

ತಿಂಗಳಿಗೆ ಎರಡೇ ಫೋಟೋ ಆರಿಸಿ, ವರ್ಷಕ್ಕೆ 24. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹೋದ ವರ್ಷ ಅಥವಾ ಮುಂದಿನ ವರ್ಷ ತೆಗೆಯಲಾಗುತ್ತಿತ್ತೇ? ಆಗುತ್ತಿತ್ತು ಅನ್ನಿಸಿದರೆ ಪಕ್ಕಕ್ಕಿಡಿ. ಫೋಟೋ ಸ್ವಲ್ಪ ಅಲುಗಿದ್ದರೂ ಪರವಾಗಿಲ್ಲ.

4x6 ಇಂಚಿನ ಪ್ರಿಂಟಿಗೆ 1200x1800 ಪಿಕ್ಸೆಲ್ ಸಾಕು. ಯಾವ ಫೋನಿನಲ್ಲಾದರೂ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಪ್ರಿಂಟಿನ ಹಿಂದೆ ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ, ಮುಂದೆ ಉಬ್ಬು ಮೂಡುತ್ತದೆ. ಆಲ್ಬಮ್ಮಿನ ಹಾಳೆಯಲ್ಲಿ ಬರೆಯಿರಿ. ತಾರೀಖು, ಊರು, ಆಮೇಲೆ ಆ ಹೊತ್ತಿಗೆ ಮಗು ಆಡಿದ ಒಂದು ಮಾತು, ಆಡಿದ ಹಾಗೇ. ಲೋಟದ ಫೋಟೋದ ಕೆಳಗೆ ನಮ್ಮಲ್ಲಿ ಹೀಗಿದೆ: ‘ತೀರ್ಥಹಳ್ಳಿ, ಜುಲೈ. ಅಪ್ಪಾ, ಚೊಂಬು ಅಜ್ಜನ ತರ ಕೆಮ್ಮತ್ತೆ.’

ಆರು ತಿಂಗಳಿಗೊಮ್ಮೆ ಹೆಜ್ಜೆ ಒಂದಕ್ಕೆ ವಾಪಸ್ ಹೋಗಿ ಪಟ್ಟಿ ಹೊಸದು ಮಾಡಿ. ನಮ್ಮದು ಫ್ರಿಜ್ ಬಾಗಿಲ ಮೇಲಿದೆ. ಹದಿಮೂರರ ಎಣಿಕೆ ಸರಿಯಾಯಿತು, ಗೆರೆ ಎಳೆದಿದ್ದೇವೆ. ಲೋಟ ಒಂದೇ ಕೈಗೆ ಬಂತು. ದೋಸೆಯ ನಡುಭಾಗ ಇನ್ನೂ ಅಜ್ಜಿಗೇ ಹೋಗುತ್ತಿದೆ. ಚಿಲಕಕ್ಕೆ ಇನ್ನು ಎರಡು ಬೆರಳು ಬಾಕಿ, ಅದನ್ನು ಈ ಭಾನುವಾರ ಸಂಜೆ ತೆಗೆಯಬೇಕು.